ಮುಟ್ಟು ನಿಲ್ಲುವ ಕಾಲದ ಖಿನ್ನತೆ: ಮುಂಬಯಿಯ ಕನ್ನಡ ಮಹಿಳೆಯರಿಗೆ ಒಂದು ಸಮಗ್ರ ಮಾರ್ಗದರ್ಶಿ

ನನಗೆ 47 ವರ್ಷವಾಗಿದ್ದಾಗ, ಮುಟ್ಟು ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಬರತೊಡಗಿದ್ದ ದಿನಗಳಲ್ಲಿ, ಮುಲುಂಡಿನ ನಮ್ಮ ಮನೆಯ ಹತ್ತಿರದ ವೈದ್ಯರೊಬ್ಬರ ಮುಂದೆ ಕುಳಿತು "ಮಲಾ ಖೂಪ್ ಕಂಟಾಳಾ ಯೇತೋ" ಎಂದೆ. ಮನಸ್ಸಿನಲ್ಲಿದ್ದ ಮಾತು "ತುಂಬಾ ಬೇಜಾರಾಗುತ್ತದೆ" ಎಂಬುದು. ಅವರು ನಕ್ಕು, ಮಕ್ಕಳು ದೊಡ್ಡವರಾದ ಮೇಲೆ ಎಲ್ಲರಿಗೂ ಹೀಗೆಯೇ, ನಾಲ್ಕು ದಿನ ಮಹಾಬಳೇಶ್ವರಕ್ಕೆ ಹೋಗಿ ಬನ್ನಿ ಎಂದು ಕಳುಹಿಸಿದರು. ತಪ್ಪೆಲ್ಲ ಅವರದೇ ಎನ್ನಲಾರೆ. ಕಂಟಾಳಾ ಎಂದರೆ ಮಾಡಿದ್ದನ್ನೇ ಮಾಡಿ ಬರುವ ಬೇಸರ. ಮೂರು ವಾರಗಳಿಂದ ಸ್ನಾನಕ್ಕೆ ಏಳಲೂ ಮನಸ್ಸಿಲ್ಲದೆ, ಕುಕ್ಕರಿನ ಮುಂದೆ ನಿಂತು ಕಾರಣವಿಲ್ಲದೆ ಅಳುತ್ತಿದ್ದ ಹೆಂಗಸಿನ ಅವಸ್ಥೆ ಆ ಪದದಲ್ಲಿ ಹಿಡಿಸುವಂಥದ್ದಾಗಿರಲಿಲ್ಲ. ಸರಿಯಾದ ಚಿಕಿತ್ಸೆ ಸಿಗಲು ಅಲ್ಲಿಂದ ಮುಂದೆ ಇನ್ನೂ ಏಳು ತಿಂಗಳು ಹಿಡಿಯಿತು.

ತರಕಾರಿಗೆ ಮರಾಠಿ, ಲೋಕಲ್ ರೈಲಿನಲ್ಲಿ ಹಿಂದಿ, ಕಚೇರಿಯಲ್ಲಿ ಇಂಗ್ಲಿಷ್ ಎಂದು ಮೂವತ್ತು ವರ್ಷ ಸಲೀಸಾಗಿ ಬಾಳಿದ ನಮಗೆ ದುಃಖ ಬರುವುದು ಮಾತ್ರ ಮನೆಮಾತಿನಲ್ಲಿ. ಈ ಬರಹದಲ್ಲಿ ರೋಗದ ವಿವರ, ಪರೀಕ್ಷೆ, ಔಷಧ ಎಲ್ಲವನ್ನೂ ಹೇಳುತ್ತೇನೆ. ಆದರೆ ಅವೆಲ್ಲಕ್ಕೂ ಮೊದಲು ದಾಟಬೇಕಾದ ಹೊಸ್ತಿಲು ಮಾತಿನದು ಎಂಬುದು ನನ್ನ ಅನುಭವ.

ಮೊದಲ ಹೆಜ್ಜೆ: ಏನಾಗುತ್ತಿದೆ ಎಂದು ತಿಳಿಯುವುದು

ಸತತ 12 ತಿಂಗಳು ಮುಟ್ಟು ಬಾರದಿದ್ದರೆ ಮಾತ್ರ ಅದನ್ನು ಋತುಬಂಧ ಎನ್ನುತ್ತಾರೆ. ಭಾರತದ ಹೆಂಗಸರಿಗೆ ಇದು ಸರಾಸರಿ 46–47ರ ಸುಮಾರಿಗೆ ಬರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಅದು 51ರ ಆಸುಪಾಸು. ಆದರೆ ನಿಜವಾದ ಗೊಂದಲದ ಕಾಲ ಮುಟ್ಟು ನಿಂತ ಮೇಲಿನದಲ್ಲ, ನಿಲ್ಲುವುದಕ್ಕೆ ಮುಂಚಿನ ಕೆಲವು ವರ್ಷಗಳದು. ಆಗ ಅಂಡಾಶಯದಿಂದ ಬರುವ ಈಸ್ಟ್ರೋಜನ್ ಎಂಬ ಹಾರ್ಮೋನ್ ಒಂದೇ ಸಮನೆ ಇಳಿಯುವುದಿಲ್ಲ. ಒಂದು ತಿಂಗಳು ಏರಿ, ಮರು ತಿಂಗಳು ಕುಸಿದು, ಗೊತ್ತುಗುರಿಯಿಲ್ಲದೆ ವರ್ತಿಸುತ್ತದೆ. ಮನಸ್ಸಿನ ಸ್ಥಿತಿಯನ್ನು ಕಾಯುವ ಸೆರೊಟೋನಿನ್ ಮುಂತಾದ ಮಿದುಳಿನ ರಾಸಾಯನಿಕಗಳ ಮೇಲೆ ಈಸ್ಟ್ರೋಜನ್ನಿನ ಪ್ರಭಾವ ಇರುವುದರಿಂದ, ಈ ಏರಿಳಿತವನ್ನು ತಾಳಿಕೊಳ್ಳಲಾಗದ ಕೆಲವರಲ್ಲಿ ಖಿನ್ನತೆ ಕಾಣಿಸಿಕೊಳ್ಳುತ್ತದೆ. ರಾತ್ರಿ ಮೈ ಬೆವತು ಎಚ್ಚರವಾಗುವುದು, ಅದರಿಂದ ನಿದ್ದೆಗೆಡುವುದು, ನಿದ್ದೆಗೆಟ್ಟದ್ದರಿಂದ ಮನಸ್ಸು ಕೆಡುವುದು ಎಂಬ ಇನ್ನೊಂದು ಸರಪಳಿಯೂ ಇದೆ.

ಎಲ್ಲರಿಗೂ ಹೀಗಾಗುವುದಿಲ್ಲ. ಹಿಂದೆ ಒಮ್ಮೆ ಖಿನ್ನತೆ ಬಂದವರು, ಬಾಣಂತನದಲ್ಲಿ ಮನಸ್ಸು ಕೆಟ್ಟಿದ್ದವರು, ಮುಟ್ಟಿನ ಮುಂಚಿನ ವಾರದಲ್ಲಿ ಪ್ರತಿ ತಿಂಗಳೂ ತೀರಾ ಕುಗ್ಗುತ್ತಿದ್ದವರು ಹೆಚ್ಚು ಎಚ್ಚರದಿಂದಿರಬೇಕು. ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆಸಿಕೊಂಡವರಿಗೆ ಈ ಬದಲಾವಣೆ ವರ್ಷಗಳಲ್ಲಿ ಅಲ್ಲ, ದಿನಗಳಲ್ಲಿ ಆಗುತ್ತದೆ. "ಚೀಲ ತೆಗೆಸಿದ್ದೇನೆ" ಎಂದಷ್ಟೇ ಹೇಳುವವರು, ಅಂಡಾಶಯ ಉಳಿದಿದೆಯೋ ಇಲ್ಲವೋ ಎಂಬುದನ್ನು ಹಳೆಯ ಡಿಸ್ಚಾರ್ಜ್ ಕಾಗದದಲ್ಲಿ ನೋಡಿಟ್ಟುಕೊಳ್ಳಬೇಕು, ಏಕೆಂದರೆ ಚಿಕಿತ್ಸೆಯ ನಿರ್ಧಾರ ಅದರ ಮೇಲೆ ನಿಂತಿರುತ್ತದೆ.

ಎರಡನೆಯ ಹೆಜ್ಜೆ: ತಡೆಯಲಾಗದ ದಿನಕ್ಕೆ ಮೊದಲೇ ವ್ಯವಸ್ಥೆ

ಸಾಮಾನ್ಯವಾಗಿ ಇಂಥ ಬರಹಗಳ ಕೊನೆಯಲ್ಲಿ ಇರುವ ಮಾತನ್ನು ಇಲ್ಲಿಯೇ ಹೇಳುತ್ತೇನೆ. ತೀರಾ ಕುಗ್ಗಿದವರು ಕೊನೆಯವರೆಗೆ ಓದುವುದಿಲ್ಲ. ಬದುಕಿರುವುದು ಬೇಡ, ತನ್ನಿಂದ ಎಲ್ಲರಿಗೂ ಹೊರೆ ಎಂಬ ಯೋಚನೆ ಬರುತ್ತಿದ್ದರೆ, ಮಾತ್ರೆಗಳನ್ನು ಕೂಡಿಡುವ, ರೈಲು ಹಳಿಯ ಕಡೆಗೆ ನೋಡುತ್ತ ನಿಲ್ಲುವ ಹಂತ ಬಂದಿದ್ದರೆ, ಯಾವ ಪಟ್ಟಿಯನ್ನೂ ಪರೀಕ್ಷೆಯನ್ನೂ ಕಾಯದೆ ಅಂದೇ ಯಾರಾದರೊಬ್ಬರಿಗೆ ಹೇಳಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. 2022ರ ಅಕ್ಟೋಬರಿನಲ್ಲಿ ಆರಂಭವಾದ ಇದು ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಅದರ ಭಾಷೆಗಳಲ್ಲಿ ಕನ್ನಡವೂ ಸೇರಿದೆ. ಪ್ರಾಣಾಪಾಯವಿದ್ದರೆ 112. ಆತ್ಮಹತ್ಯೆಗೆ ಯತ್ನಿಸಿದವರ ಮೇಲೆ ಪೊಲೀಸ್ ಕೇಸು ಆಗುತ್ತದೆಂಬ ಹೆದರಿಕೆಯಿಂದ ಮನೆಯವರು ಆಸ್ಪತ್ರೆಗೆ ಹೋಗಲು ಹಿಂಜರಿಯುವುದುಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಅಂಥವರನ್ನು ತೀವ್ರ ಮಾನಸಿಕ ಒತ್ತಡದಲ್ಲಿ ಇದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ.

ಮೂರನೆಯ ಹೆಜ್ಜೆ: ಒಂದು ನೋಟ್‌ಬುಕ್, ನಾಲ್ಕು ವಾರ

ಜೀವಕ್ಕೆ ಅಪಾಯವಿಲ್ಲದವರು ಮೊದಲು ಮಾಡಬೇಕಾದ ಕೆಲಸ ಬರೆಯುವುದು. ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಾದರೂ ಸಾಕು. ಮಲಗುವ ಮುಂಚೆ ಐದು ಸಾಲು ಬರೆಯಿರಿ: ಇಂದು ಮುಟ್ಟು ಇದೆಯೇ, ಎಷ್ಟು ಹೋಗುತ್ತಿದೆ, ನಿನ್ನೆ ರಾತ್ರಿ ಎಷ್ಟು ಗಂಟೆ ನಿದ್ದೆ, ಎಷ್ಟು ಸಲ ಎಚ್ಚರ, ಮೈ ಬಿಸಿಯೇರಿದ್ದು ಎಷ್ಟು ಸಲ, ಮನಸ್ಸು ಹೇಗಿತ್ತು, ಯಾವ ಕೆಲಸ ಮಾಡಲಾಗದೆ ಬಿಟ್ಟೆ. ಕನ್ನಡದಲ್ಲಿಯೇ, ಮನೆಯಲ್ಲಿ ತುಳುವೋ ಕೊಂಕಣಿಯೋ ಆದರೆ ಅದರಲ್ಲಿಯೇ ಬರೆಯಿರಿ, ಚೆಂದಗಾಣಿಸಬೇಡಿ. ನನ್ನ ನೋಟ್‌ಬುಕ್ಕಿನಲ್ಲಿ ಒಂದು ದಿನ "ಕೊತ್ತಂಬರಿ ಸೊಪ್ಪು ಬಿಡಿಸಲಾಗಲಿಲ್ಲ" ಎಂದಷ್ಟೇ ಇದೆ. ಮುಂದೆ ಮನೋವೈದ್ಯರು ಅತಿ ಹೆಚ್ಚು ಪ್ರಶ್ನೆ ಕೇಳಿದ್ದು ಅದೇ ಸಾಲಿನ ಬಗ್ಗೆ.

ಎರಡು ವಾರಗಳ ಬರಹ ಕೈಯಲ್ಲಿದ್ದರೆ ಒಂದು ಮಾತನ್ನು ಅಳೆಯಬಹುದು. ವೈದ್ಯರು ಬಳಸುವ ಪಿ.ಎಚ್.ಕ್ಯೂ–9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಕೇಳುವುದು ಕಳೆದ ಎರಡು ವಾರಗಳನ್ನೇ: ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಕುಗ್ಗಿದ ಮನಸ್ಸು, ನಿದ್ದೆ, ದಣಿವು, ಹಸಿವು, ತನ್ನ ಬಗ್ಗೆಯೇ ಕೀಳುಭಾವನೆ, ಗಮನ ನಿಲ್ಲದಿರುವುದು, ನಡೆನುಡಿಯ ನಿಧಾನ ಅಥವಾ ಚಡಪಡಿಕೆ, ಸಾವಿನ ಯೋಚನೆ. ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಮೊತ್ತ 10 ಅಥವಾ ಹೆಚ್ಚಾದರೆ ವೈದ್ಯರನ್ನು ಕಾಣುವುದನ್ನು ಮುಂದೂಡಬಾರದು. ಕೊನೆಯ ಪ್ರಶ್ನೆಗೆ ಒಂದೇ ಅಂಕ ಬಂದರೂ ಮುಂದೂಡಬಾರದು. ಈ ಪಟ್ಟಿ ರೋಗವನ್ನು ತೀರ್ಮಾನಿಸುವುದಿಲ್ಲ, ತೀರ್ಮಾನಿಸಬಲ್ಲವರ ಬಳಿಗೆ ಕಳುಹಿಸುತ್ತದೆ ಅಷ್ಟೆ.

ಸಿಟ್ಟನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈ ವಯಸ್ಸಿನ ಖಿನ್ನತೆ ಅನೇಕರಲ್ಲಿ ಅಳುವಿಗಿಂತ ಮೊದಲು ಸಿಡುಕಾಗಿ ಹೊರಬರುತ್ತದೆ. ಮನೆಯವರು ನೋಡುವುದು ಸಿಡುಕನ್ನು ಮಾತ್ರ.

ನಾಲ್ಕನೆಯ ಹೆಜ್ಜೆ: ರಕ್ತ ಪರೀಕ್ಷೆ

ಖಿನ್ನತೆಯಂತೆಯೇ ಕಾಣುವ ಕೆಲವು ದೈಹಿಕ ತೊಂದರೆಗಳು ಇದೇ ವಯಸ್ಸಿನಲ್ಲಿ ಬರುತ್ತವೆ. ಥೈರಾಯ್ಡ್ ಕಡಿಮೆಯಾದರೆ ಜಡತೆ, ತೂಕ, ಮಂಕು ಮನಸ್ಸು. ವಿಟಮಿನ್ ಬಿ–12 ಕಡಿಮೆಯಾದರೆ ದಣಿವು, ಮರೆವು, ಕೈಕಾಲಿನ ಜೋಮು. ತಲೆಮಾರುಗಳಿಂದ ಶುದ್ಧ ಸಸ್ಯಾಹಾರಿಗಳಾಗಿರುವ ಮನೆಗಳಲ್ಲಿ ಬಿ–12ರ ಕೊರತೆ ಸಾಮಾನ್ಯ. ಮುಟ್ಟು ನಿಲ್ಲುವ ಮುಂಚೆ ಅನೇಕರಿಗೆ ವಿಪರೀತ ರಕ್ತ ಹೋಗಿ ಹಿಮೋಗ್ಲೋಬಿನ್ ಇಳಿದಿರುತ್ತದೆ; 12ಕ್ಕಿಂತ ಕೆಳಗಿದ್ದರೆ ಅದು ರಕ್ತಹೀನತೆ. ಆದ್ದರಿಂದ ರಕ್ತದ ಎಣಿಕೆ, ಥೈರಾಯ್ಡ್ ತಿಳಿಸುವ ಟಿ.ಎಸ್.ಎಚ್, ಬಿ–12, ವಿಟಮಿನ್ ಡಿ, ಸಕ್ಕರೆ, ಇಷ್ಟನ್ನು ವೈದ್ಯರ ಸಲಹೆಯ ಮೇರೆಗೆ ಮಾಡಿಸಿಕೊಳ್ಳುವುದು ಒಳ್ಳೆಯದು. ಪ್ರಯೋಗಾಲಯಗಳು "ಹಾರ್ಮೋನ್ ಪ್ಯಾಕೇಜ್" ಎಂದು ಮಾರುವುದರಲ್ಲಿ, ಋತುಬಂಧ ಸಮೀಪಿಸಿದೆಯೇ ಎಂದು ನೋಡುವ ಎಫ್.ಎಸ್.ಎಚ್ ಎಂಬ ಹಾರ್ಮೋನಿನ ಪರೀಕ್ಷೆ ಸೇರಿರುತ್ತದೆ. 45 ದಾಟಿದವರಿಗೆ ವಯಸ್ಸು ಮತ್ತು ಲಕ್ಷಣಗಳಿಂದಲೇ ವಿಷಯ ತಿಳಿಯುವುದರಿಂದ ಅದು ಸಾಮಾನ್ಯವಾಗಿ ಬೇಕಿಲ್ಲ. ದಿನದಿನಕ್ಕೆ ಬದಲಾಗುವ ಆ ಸಂಖ್ಯೆಗೆ ಹಣ ಸುರಿಯುವುದು ವ್ಯರ್ಥ.

ಐದನೆಯ ಹೆಜ್ಜೆ: ವೈದ್ಯರ ಮುಂದೆ ಹೇಳುವ ಮಾತು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಕೆಲಸ ಕೆಡುವುದು ಇಲ್ಲಿಯೇ. ಹೆರಿಗೆ ಮತ್ತು ಸ್ತ್ರೀರೋಗದ ವೈದ್ಯರು ಮನಸ್ಸಿನ ಮಾತು ಕೇಳಲು ಪುರುಸೊತ್ತಿಲ್ಲದೆ "ವಯಸ್ಸಿನದು" ಎನ್ನುತ್ತಾರೆ. ಮನೋವೈದ್ಯರು ಮುಟ್ಟಿನ ಬಗ್ಗೆ ಕೇಳದೆ ಮಾತ್ರೆ ಬರೆಯುವುದೂ ಉಂಟು. ಇಬ್ಬರ ನಡುವೆ ಸಂದೇಶ ಒಯ್ಯುವವರು ನಾವೇ ಆಗಿರುವುದರಿಂದ ನಮ್ಮ ಪದಗಳು ಸರಿಯಿರಬೇಕು.

ಕನ್ನಡದ ಕೆಲವು ಪದಗಳು ಮರಾಠಿಯ ವೇಷ ಹಾಕಿಕೊಂಡು ಮೋಸ ಮಾಡುತ್ತವೆ. ನಾವು "ಸಂಕಟ" ಎಂದರೆ ಎದೆ, ಹೊಟ್ಟೆಯೊಳಗಿನ ತಳಮಳ. ಮರಾಠಿಯ "ಸಂಕಟ್" ಮನೆಗೆ ಬಂದ ಆಪತ್ತು, ಆದ್ದರಿಂದ ಕೇಳಿದವರು ಗಂಡನ ಕೆಲಸ ಹೋಯಿತೇ ಎಂದು ವಿಚಾರಿಸುತ್ತಾರೆ. ಬೇಜಾರಿನ ಪಾಡನ್ನು ಆಗಲೇ ಹೇಳಿದೆ. ಅವುಗಳ ಬದಲಿಗೆ ಹೀಗೆ ಹೇಳಬಹುದು. ಕುಗ್ಗಿದ ಮನಸ್ಸಿಗೆ "ಖೂಪ್ ಉದಾಸ್ ವಾಟತಂ". ಯಾವುದರಲ್ಲೂ ಆಸಕ್ತಿ ಇಲ್ಲದಿರುವುದಕ್ಕೆ "ಕಶಾತಚ್ ಮನ್ ಲಾಗತ್ ನಾಹೀ". ಕಾರಣವಿಲ್ಲದ ಅಳುವಿಗೆ "ಕಾರಣ್ ನಸತಾನಾ ರಡೂ ಯೇತಂ". ನಿದ್ದೆಗೆ "ರಾತ್ರೀ ಝೋಪ್ ಲಾಗತ್ ನಾಹೀ". ಮೈಯಿಂದ ಬಿಸಿ ಏಳುವುದಕ್ಕೆ "ಅಂಗಾತೂನ್ ಗರಮ್ ವಾಫಾ ನಿಘತಾತ್". ಮುಟ್ಟಿಗೆ ಇಲ್ಲಿ "ಪಾಳೀ" ಎನ್ನುತ್ತಾರೆ. ಬದುಕು ಬೇಡವೆನ್ನಿಸಿದರೆ "ಜಗೂ ನಯೇ ಅಸಂ ವಾಟತಂ" ಎಂಬುದನ್ನು, ನಾಲಿಗೆ ಎಷ್ಟೇ ತಡೆದರೂ, ಇದೇ ಮಾತುಗಳಲ್ಲಿ ಹೇಳಬೇಕು. ಎಲ್ಲಕ್ಕೂ ಮೊದಲ ವಾಕ್ಯದಲ್ಲಿ ಕಾಲವನ್ನು ಸೇರಿಸಿ: "ತೀನ್ ಆಠವಡೇ ಝಾಲೇ", ಮೂರು ವಾರವಾಯಿತು. ಕಾಲ ಹೇಳಿದೊಡನೆ ಅದು ಬೇಸರವಲ್ಲ, ಕಾಯಿಲೆಯಿರಬಹುದು ಎಂದು ಕೇಳುವವರಿಗೆ ಹೊಳೆಯುತ್ತದೆ.

ದುಭಾಷಿಯಾಗಿ ಮಗಳನ್ನು ಕರೆದೊಯ್ಯುವವರು ಬಹಳ. ಮರಾಠಿ ಶಾಲೆಯಲ್ಲಿಯೋ ಇಂಗ್ಲಿಷ್ ಶಾಲೆಯಲ್ಲಿಯೋ ಓದಿದ ಮಕ್ಕಳ ಭಾಷೆ ಚೆನ್ನಾಗಿಯೇ ಇರುತ್ತದೆ, ಆದರೆ ತಾಯಿ ಸಾಯುವ ಮಾತಾಡಿದರೆ ಅದನ್ನು ಯಾವ ಮಗಳೂ ಇದ್ದಂತೆ ಅನುವಾದಿಸಲಾರಳು. ಗಂಡ ಜೊತೆಗಿದ್ದರೆ ಅವರೇ ಉತ್ತರ ಕೊಡತೊಡಗುತ್ತಾರೆ. ಆದ್ದರಿಂದ ಜೊತೆಗೆ ಯಾರೇ ಬರಲಿ, ಹತ್ತು ನಿಮಿಷ ಒಬ್ಬಳೇ ಮಾತಾಡಬೇಕೆಂದು ವೈದ್ಯರಿಗೆ ಮೊದಲೇ ಹೇಳಿ, ಅವರನ್ನು ಹೊರಗೆ ಕೂರಿಸಿ. ಮರಾಠಿಯೂ ಹಿಂದಿಯೂ ತೊಡರಿದರೆ ನೋಟ್‌ಬುಕ್ಕಿನ ಒಂದು ಪುಟವನ್ನು ನಂಬಿಕೆಯ ಗೆಳತಿಯಿಂದ ಮರಾಠಿಗೆ ಬರೆಸಿಕೊಂಡು ಹೋಗಿ ಕೈಗೆ ಕೊಡಬಹುದು.

ಎಲ್ಲಿಗೆ ಹೋಗುವುದು? ಖಾಸಗಿ ಮನೋವೈದ್ಯರ ಶುಲ್ಕ ಭಾರವೆನ್ನಿಸಿದರೆ ಪರೇಲಿನ ಕೆ.ಇ.ಎಂ, ಸಯನ್ನಿನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್‌ನ ನಾಯರ್, ಜುಹೂ ಕಡೆಯ ಕೂಪರ್ ಎಂಬ ಮಹಾನಗರ ಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ಸ್ತ್ರೀರೋಗ ವಿಭಾಗವೂ ಮಾನಸಿಕ ರೋಗ ವಿಭಾಗವೂ ಒಂದೇ ಆವರಣದಲ್ಲಿವೆ. ಎರಡು ಕಡೆಯ ಸಲಹೆ ಬೇಕಾದ ನಮ್ಮಂಥವರಿಗೆ ಅದೇ ದೊಡ್ಡ ಅನುಕೂಲ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್, ಎಂದರೆ ರೋಗಿಯ ನೋಂದಣಿ ಚೀಟಿ, ಮಾಡಿಸಬೇಕು, ಸಾಲು ಉದ್ದವಿರುತ್ತದೆ, ಅರ್ಧ ದಿನದ ರಜೆ ಹಾಕಿಯೇ ಹೊರಡಬೇಕು. ಮರಾಠಿ ಫಲಕದಲ್ಲಿ "ಮನೋವಿಕಾರ" ಎಂಬ ಪದ ಕಂಡು ಅಂಜಿ ಹಿಂದಿರುಗಿದವರನ್ನು ಬಲ್ಲೆ. ಮರಾಠಿಯಲ್ಲಿ ಅದು ಮನಸ್ಸಿನ ಕಾಯಿಲೆ ಎಂಬುದಕ್ಕೆ ಇರುವ ಸಾಧಾರಣ ಪದ, ಮತ್ತೇನೂ ಅಲ್ಲ. ಡೊಂಬಿವಲಿ, ವಸಾಯಿಗಳಿಂದ ಬರುವವರು ಜನಜಂಗುಳಿಯ ಹೊತ್ತಿನ ಮುಂಚಿನ ರೈಲು ಹಿಡಿಯುವುದು ಮೇಲು.

ಆರನೆಯ ಹೆಜ್ಜೆ: ಚಿಕಿತ್ಸೆಯನ್ನು ಅರಿತು ಒಪ್ಪುವುದು

ಚಿಕಿತ್ಸೆಗೆ ಮೂರು ದಾರಿಗಳಿವೆ; ಕೆಲವರಿಗೆ ಒಂದು ಸಾಕು, ಕೆಲವರಿಗೆ ಎರಡು ಬೇಕು.

ಮೊದಲನೆಯದು ಮಾತಿನ ಚಿಕಿತ್ಸೆ. ಯೋಚನೆ ಮತ್ತು ನಡವಳಿಕೆಯ ಜಾಡನ್ನು ಹಿಡಿದು ಬದಲಿಸಲು ಕಲಿಸುವ ಸಿ.ಬಿ.ಟಿ ಎಂಬ ವಿಧಾನ ಋತುಬಂಧ ಕಾಲದ ಕುಗ್ಗಿದ ಮನಸ್ಸಿಗೂ ನಿದ್ದೆಗೂ ನೆರವಾಗುತ್ತದೆ. ಇದನ್ನು ಮಾತ್ರ ಕನ್ನಡದಲ್ಲಿ ಪಡೆಯಲು ಪ್ರಯತ್ನಿಸಿ ಎಂದು ಒತ್ತಿ ಹೇಳುತ್ತೇನೆ. ಮಾತ್ರೆಗೆ ಭಾಷೆ ಇಲ್ಲ, ಮಾತಿನ ಚಿಕಿತ್ಸೆಗೆ ಇದೆ. ಮುಂಬಯಿಯಲ್ಲಿ ಕನ್ನಡ ಬಲ್ಲ ಆಪ್ತಸಮಾಲೋಚಕರು ಹತ್ತಿರದಲ್ಲಿ ಸಿಗದಿದ್ದರೆ, ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ತರಬೇತಾದವರ ಜೊತೆ ವೀಡಿಯೊ ಕರೆಯಲ್ಲಿ ಮಾತಾಡಬಹುದು. ಒಂದೂವರೆ ಕೋಣೆಯ ಮನೆಯಲ್ಲಿ ಗುಟ್ಟಾಗಿ ಮಾತಾಡುವುದೆಲ್ಲಿ ಎಂಬ ಪ್ರಶ್ನೆ ನಿಜವಾದದ್ದೇ; ನಾನು ಆ ಮುಕ್ಕಾಲು ಗಂಟೆಯನ್ನು ಸೊಸೈಟಿಯ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ ನಮ್ಮ ಕಾರಿನೊಳಗೆ ಕುಳಿತು ಕಳೆಯುತ್ತಿದ್ದೆ.

ಎರಡನೆಯದು ಖಿನ್ನತೆಯ ಮಾತ್ರೆಗಳು. ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್, ಡೆಸ್‌ವೆನ್ಲಾಫ್ಯಾಕ್ಸಿನ್ ಮುಂತಾದವನ್ನು ಸಾಮಾನ್ಯವಾಗಿ ಬರೆಯುತ್ತಾರೆ. ಇವುಗಳಲ್ಲಿ ಕೆಲವು ಮೈ ಬಿಸಿಯೇರುವುದನ್ನೂ ತಗ್ಗಿಸುತ್ತವೆ. ಇವು ಚಟ ಹಿಡಿಸುವ ನಿದ್ದೆ ಮಾತ್ರೆಗಳಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ಪರಿಣಾಮಕ್ಕೆ ಆರರಿಂದ ಎಂಟು ವಾರ ಬೇಕು. ಮೊದಲ ವಾರ ವಾಕರಿಕೆ, ತಲೆನೋವು ಬರಬಹುದು; ಅಷ್ಟರಲ್ಲಿಯೇ "ಈ ಮದ್ದು ನನಗೆ ಆಗುವುದಿಲ್ಲ" ಎಂದು ಬಿಡುವವರೇ ಹೆಚ್ಚು. ಮೊಣಕಾಲು ನೋವಿಗೆ ನುಂಗುವ ನೋವಿನ ಮಾತ್ರೆಗಳು ಇವುಗಳ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಸ್ತನ ಕ್ಯಾನ್ಸರಿಗೆ ಟ್ಯಾಮೋಕ್ಸಿಫೆನ್ ತೆಗೆದುಕೊಳ್ಳುವವರಿಗೆ ಪ್ಯಾರಾಕ್ಸೆಟಿನ್‌ನಂಥ ಕೆಲವು ಮಾತ್ರೆಗಳು ಹೊಂದುವುದಿಲ್ಲ. ಊರಿನಿಂದ ತರಿಸಿದ ಕಷಾಯ, ಲೇಹ್ಯ, ಅಶ್ವಗಂಧದ ಪುಡಿ ಸೇರಿದಂತೆ ಹೊಟ್ಟೆಗೆ ಹೋಗುವ ಎಲ್ಲದರ ಪಟ್ಟಿಯನ್ನು ವೈದ್ಯರಿಗೆ ಕೊಡಬೇಕು.

ಮೂರನೆಯದು ಹಾರ್ಮೋನ್ ಚಿಕಿತ್ಸೆ, ಎಂದರೆ ಕಡಿಮೆಯಾದ ಈಸ್ಟ್ರೋಜನ್ನನ್ನು ಔಷಧವಾಗಿ ಕೊಡುವುದು. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದ ವರದಿ ಬಂದ ಮೇಲೆ ಹಾರ್ಮೋನ್ ಎಂದರೆ ಕ್ಯಾನ್ಸರ್ ಎಂಬ ಭಯ ಎಲ್ಲೆಡೆ ಹರಡಿತು. ಆಮೇಲಿನ ವಿಶ್ಲೇಷಣೆಗಳಿಂದ ತಿಳಿದದ್ದೇನೆಂದರೆ, 60ರೊಳಗಿನ ಅಥವಾ ಮುಟ್ಟು ನಿಂತು 10 ವರ್ಷದೊಳಗಿನ ಆರೋಗ್ಯವಂತರಿಗೆ, ಬೆವರು, ಬಿಸಿ, ನಿದ್ದೆಗೇಡು ತೀವ್ರವಾಗಿದ್ದಾಗ, ಇದರ ಲಾಭ ಸಾಮಾನ್ಯವಾಗಿ ಅಪಾಯಕ್ಕಿಂತ ಹೆಚ್ಚು. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನನ್ನು ಕೊಡಲೇಬೇಕು. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ್ದು, ಪಾರ್ಶ್ವವಾಯು, ತೀವ್ರ ಯಕೃತ್ತಿನ ಕಾಯಿಲೆ, ಕಾರಣ ತಿಳಿಯದ ರಕ್ತಸ್ರಾವ ಇದ್ದವರಿಗೆ ಇದು ಸಲ್ಲದು. ತೀವ್ರ ಖಿನ್ನತೆಗೆ ಹಾರ್ಮೋನ್ ಒಂದೇ ಮದ್ದಾಗಲಾರದು. ಈ ಭೇದವನ್ನು ಮರೆಯಬಾರದು.

ಏಳನೆಯ ಹೆಜ್ಜೆ: ಮುಂಬಯಿಯ ಸೆಕೆಯಲ್ಲಿ ದಿನ ಕಳೆಯುವುದು

ಚಿಕಿತ್ಸೆಯ ಜೊತೆಗೆ ದಿನಚರಿಯಲ್ಲಿ ಮಾಡಿಕೊಳ್ಳಬೇಕಾದ ಬದಲಾವಣೆಗಳು ಸಣ್ಣವು. ವಾರಕ್ಕೆ 150 ನಿಮಿಷದ ಬಿರುಸು ನಡಿಗೆ ಮನಸ್ಸಿಗೂ ಮೂಳೆಗೂ ಒಳ್ಳೆಯದು. ಬೆಳಗಿನ ಬೆಳಕಿನಲ್ಲಿ ಮಾಡಿದರೆ ರಾತ್ರಿಯ ನಿದ್ದೆಗೂ ಸಹಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದೆ ಹೊಡೆಯುವಾಗ ಮಾಟುಂಗಾದ ಫೈವ್ ಗಾರ್ಡನ್ಸ್ ಆಗಲಿ ನಿಮ್ಮ ಓಣಿಯಾಗಲಿ ಉಪಯೋಗಕ್ಕೆ ಬಾರದು; ಕಟ್ಟಡದ ಕೆಳಗೆ ಕಂಬಗಳ ನಡುವೆ ಖಾಲಿ ಬಿಟ್ಟ ಸ್ಟಿಲ್ಟಿನಲ್ಲಿ ಸುತ್ತು ಹಾಕಬಹುದು. ಅಕ್ಟೋಬರಿನ ಬಿಸಿಯಲ್ಲಿ ಅಡುಗೆಮನೆಯೇ ಮೈಯ ಬಿಸಿಯನ್ನು ಕೆರಳಿಸುವುದರಿಂದ ಬೆಳಗಿನ ತಂಪಿನಲ್ಲಿ ಹುಳಿ, ಪಲ್ಯ ಮುಗಿಸಿ, ರಾತ್ರಿಗೆ ಅನ್ನ ಮಾತ್ರ ಇಡುವ ಪದ್ಧತಿ ಹಾಕಿಕೊಳ್ಳಿ. ಸಂಜೆಯ ಮೇಲೆ ಚಹಾ, ಕಾಫಿ ಬೇಡ. ರೈಲಿನಲ್ಲಿ ಮೈ ಬಿಸಿಯೇರಿದಾಗ ಗಾಳಿಗಾಗಿ ಬಾಗಿಲಿನ ಬಳಿ ಬಾಗಿ ನಿಲ್ಲುವ ಅಭ್ಯಾಸ ಅಪಾಯದ್ದು. ಫ್ಯಾನಿನ ಕೆಳಗೆ ಸರಿದು, ಹತ್ತಿಯ ದುಪಟ್ಟಾ ಒದ್ದೆ ಮಾಡಿ ಕುತ್ತಿಗೆಗೆ ಹಾಕಿಕೊಳ್ಳಿ, ಸಾಧ್ಯವಿದ್ದರೆ ಎ.ಸಿ. ಲೋಕಲ್ ಹಿಡಿಯಿರಿ.

ನಿದ್ದೆಗೆಟ್ಟ ರಾತ್ರಿಯ ಮಾರನೆಯ ದಿನವೂ ಐದಕ್ಕೆ ಎದ್ದು ಮೂರು ಡಬ್ಬಿ ಕಟ್ಟುವ ವ್ರತವನ್ನು ಮಾತ್ರ ನಿಲ್ಲಿಸಬೇಕು. ಸಮೀಪದಲ್ಲಿ ಉಡುಪಿ ಹೋಟೆಲು ಇಲ್ಲದ ಮುಂಬಯಿಯ ಭಾಗ ನನಗೆ ಗೊತ್ತಿಲ್ಲ.

ಎಂಟನೆಯ ಹೆಜ್ಜೆ: ಮನೆಯವರಿಗೂ ಸಂಘದವರಿಗೂ ಹೇಳುವುದು

ನನ್ನ ಅತ್ತೆ, "ನಮಗೂ ನಿಂತಿದೆ ಮಾರಾಯ್ತಿ, ನಾವು ಯಾವ ಡಾಕ್ಟ್ರ ಹತ್ರ ಹೋಗಿದ್ದೆವು?" ಎಂದರು. ವಾದಿಸಲಿಲ್ಲ. ಕೆಲವು ದಿನಗಳ ನಂತರ, ನಿಮಗೆ ಆಗ ರಾತ್ರಿ ನಿದ್ದೆ ಬರುತ್ತಿತ್ತೇ ಅತ್ತೆ ಎಂದು ಕೇಳಿದೆ. ಎರಡು ವರ್ಷ ಅಂಗಳದಲ್ಲಿ ಕುಳಿತು ಬೆಳಗು ಮಾಡಿದ್ದನ್ನು ಅವರು ಆ ದಿನ ಮೊದಲ ಸಲ ಹೇಳಿದರು. ಗಂಡನಿಗೆ ಕಾಯಿಲೆಯನ್ನು ವಿವರಿಸುವುದಕ್ಕಿಂತ ಒಂದು ಕೆಲಸವನ್ನು ಒಪ್ಪಿಸುವುದು ಫಲಕಾರಿ: "ರೀ, ಮಂಗಳವಾರ, ಶುಕ್ರವಾರ ರಾತ್ರಿಯ ಅಡುಗೆಮನೆ ನಿಮ್ಮದು, ಆರು ತಿಂಗಳು." ಅವಧಿ ಹೇಳಿದರೆ ಒಪ್ಪಿಗೆ ಸುಲಭ.

ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಿಂದ ಹಿಡಿದು ಉಪನಗರಗಳ ಚಿಕ್ಕ ಕನ್ನಡ ಸಂಘಗಳವರೆಗೆ ನಮಗೆ ಕೂಡಲು ಜಾಗಗಳಿವೆ. ಸಂಘಗಳ ಮಹಿಳಾ ವಿಭಾಗದವರು ಅರಿಸಿನ ಕುಂಕುಮದ ದಿನ ಅರ್ಧ ಗಂಟೆಯನ್ನು ಈ ವಿಷಯಕ್ಕೆ, ಕನ್ನಡ ಬಲ್ಲ ವೈದ್ಯೆಯೊಬ್ಬರನ್ನು ಕರೆದು ಮೀಸಲಿಟ್ಟರೆ, ಭಾಷೆಯ ತೊಡಕು ಅಲ್ಲಿಯೇ ಅರ್ಧ ನೀಗುತ್ತದೆ. ಆದರೆ ಖಿನ್ನತೆ ಇರುವವರನ್ನು "ಜನರ ನಡುವೆ ಇದ್ದರೆ ಸರಿಹೋಗುತ್ತದೆ" ಎಂದು ಬಲವಂತದಿಂದ ಸಭೆಗೆ ಎಳೆತರಬಾರದು.

ಒಂಬತ್ತನೆಯ ಹೆಜ್ಜೆ: ಗುಣವಾದ ಮೇಲೆ

ಮನಸ್ಸು ಹಗುರಾದ ತಿಂಗಳಿನಲ್ಲಿಯೇ ಮಾತ್ರೆ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಗುಣವಾದ ಮೇಲೆ ಕನಿಷ್ಠ ಆರು ತಿಂಗಳು ಮುಂದುವರಿಸಿ, ಅನಂತರ ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ಹಠಾತ್ತನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ ಬರುತ್ತವೆ. ಆರೋಗ್ಯ ವಿಮೆ ಇದ್ದವರು ತಮ್ಮ ಪಾಲಿಸಿಯನ್ನು ತೆಗೆದು ಓದಿ. ಮಾನಸಿಕ ಕಾಯಿಲೆಯನ್ನೂ ದೈಹಿಕ ಕಾಯಿಲೆಯಂತೆಯೇ ಪರಿಗಣಿಸಬೇಕೆಂಬುದು 2017ರ ಅದೇ ಕಾಯ್ದೆಯಲ್ಲಿದೆ. ಮುಟ್ಟು ನಿಂತು ಒಂದು ವರ್ಷದ ನಂತರ ಒಂದು ಹನಿ ರಕ್ತ ಕಂಡರೂ ಅದು ಮನಸ್ಸಿನ ವಿಷಯವಲ್ಲ, ತಡಮಾಡದೆ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು.

ಮಾತ್ರೆ ಪೂರ್ತಿ ನಿಂತ ಮೇಲೆ ಮೂರು ತಿಂಗಳು ಮತ್ತೆ ನೋಟ್‌ಬುಕ್ ತೆರೆಯಿರಿ. ಹಿಂದಿನ ಸಲ ಮೊದಲು ಬಂದ ಎರಡು ಮೂರು ಲಕ್ಷಣಗಳು ಯಾವುವೆಂದು ಈಗ ನಿಮಗೆ ತಿಳಿದಿರುತ್ತದೆ. ನನ್ನದು ನಸುಕಿನ ನಾಲ್ಕು ಗಂಟೆಗೆ ಎಚ್ಚರವಾಗುವುದು, ಫೋನ್ ಎತ್ತದಿರುವುದು. ಅವು ಎರಡು ವಾರ ಬಿಡದೆ ಕಾಣಿಸಿಕೊಂಡರೆ ಹಳೆಯ ಕೇಸ್ ಪೇಪರ್, ಹಳೆಯ ಮಾತ್ರೆ ಚೀಟಿ, ರಕ್ತ ಪರೀಕ್ಷೆಯ ವರದಿಗಳನ್ನು ತೆಗೆದುಕೊಂಡು ಅದೇ ವಿಭಾಗಕ್ಕೆ ಹೋಗಿ. ಆದ್ದರಿಂದ ದಸರೆಯ ಮುಂಚೆ ಮನೆ ಒಪ್ಪಗೊಳಿಸುವಾಗ ಆ ಕಾಗದಗಳ ಚೀಲವನ್ನು ರದ್ದಿಯವನಿಗೆ ಹಾಕಬೇಡಿ.